ಕೈಗೆಟುಕುವ ಬೆಟ್ಟದೂರು ಹುಡುಕುತ್ತಿದ್ದೀರಾ? ಹೀಗೆ ಹೋಲಿಸಿ ನೋಡಿ

ಬೆಟ್ಟದೂರನ್ನು ನಾವು ನೋಡುವುದೇ ಅದರ ಒಳ್ಳೆಯ ವಾರದಲ್ಲಿ. ಮಳೆ ನಿಂತಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ರಸ್ತೆ ಚೆನ್ನಾಗಿರುತ್ತದೆ. ಮೂರು ದಿನ ಇದ್ದು ವಾಪಸ್ ಹೊರಟಾಗ, ಇಲ್ಲೇ ಒಂದು ಮನೆ ಮಾಡಿಕೊಂಡು ಇದ್ದುಬಿಡೋಣ ಅಂತ ಅನಿಸದವರು ಕಡಿಮೆ. ನನಗೂ ಹಾಗೇ ಅನಿಸಿತ್ತು. ಹೋಗಿ ಇದ್ದೂ ಇದ್ದೆ. ಹೋದದ್ದಕ್ಕೆ ಬೇಜಾರಿಲ್ಲ. ಆದರೆ ಬಾಡಿಗೆ ಎಷ್ಟು, ಸೈಟಿನ ಬೆಲೆ ಎಷ್ಟು, ಕಿಟಕಿ ತೆಗೆದರೆ ಏನು ಕಾಣುತ್ತದೆ, ಇಷ್ಟನ್ನೇ ನೋಡಿ ಆರಿಸಿದ್ದು ತಪ್ಪಾಯಿತು.

ಪ್ರತಿ ಊರಿಗೂ ವರ್ಷದಲ್ಲಿ ಒಂದು ಕೆಟ್ಟ ತಿಂಗಳು ಇರುತ್ತದೆ. ಕೆಲವು ಕಡೆ ಜಡಿಮಳೆಯ ತಿಂಗಳು, ಕೆಲವು ಕಡೆ ಹಿಮ ಬೀಳುವ ತಿಂಗಳು, ಇನ್ನು ಕೆಲವು ಕಡೆ ನಲ್ಲಿಯಲ್ಲಿ ನೀರು ಬರದ ಬೇಸಿಗೆ. ಆ ತಿಂಗಳಲ್ಲಿ ಅಲ್ಲಿ ಇರಲು ಎಷ್ಟು ಖರ್ಚಾಗುತ್ತದೆ, ಎಷ್ಟು ಪಾಡು ಪಡಬೇಕಾಗುತ್ತದೆ ಅನ್ನುವುದೇ ಆ ಊರಿನ ನಿಜವಾದ ಬೆಲೆ. ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಎರಡರ ಕೆಟ್ಟ ತಿಂಗಳನ್ನು ಪಕ್ಕಪಕ್ಕ ಇಡಿ. ನಾನು ಇಲ್ಲಿ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ.

ಪ್ರವಾಸಿ ಊರೋ, ಪಕ್ಕದ ಊರೋ, ಪೇಟೆಯೋ?

ಮುಖ್ಯವಾಗಿ ಮೂರು ಬಗೆಯ ಊರುಗಳು ನಿಮ್ಮ ಮುಂದೆ ಇರುತ್ತವೆ. ಹೆಸರಾದ ಪ್ರವಾಸಿ ಊರು ಒಂದು. ಅಲ್ಲಿಂದ ಅರ್ಧ ಗಂಟೆಯೋ ಒಂದು ಗಂಟೆಯೋ ದೂರದ ಪಕ್ಕದ ಊರು ಇನ್ನೊಂದು. ಸುತ್ತಲಿನ ಹಳ್ಳಿಗಳವರೆಲ್ಲ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ, ಕಚೇರಿ ಕೆಲಸಕ್ಕೆ ಬರುವ ಪೇಟೆ ಮೂರನೆಯದು. ರಸ್ತೆ ಮುಗಿಯುವಲ್ಲಿ ಇರುವ ಒಂಟಿ ಹಳ್ಳಿಯನ್ನು ನಾನು ಸೇರಿಸಿಲ್ಲ, ಅದರ ಲೆಕ್ಕವೇ ಬೇರೆ.

ಪ್ರವಾಸಿ ಊರಿನಲ್ಲಿ ಮನೆ ಅಂದರೆ ವ್ಯಾಪಾರದ ಸರಕು. ವಾರಾಂತ್ಯಕ್ಕೆ ಬಂದವರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಮಾಲೀಕರಿಗೆ ತಿಂಗಳ ಬಾಡಿಗೆಗಿಂತ ಜಾಸ್ತಿ ಸಿಗುತ್ತದೆ. ಹಾಗಿರುವಾಗ ನಿಮಗೆ ಯಾಕೆ ವರ್ಷಕ್ಕೆ ಬಾಡಿಗೆಗೆ ಕೊಡುತ್ತಾರೆ, ಅಲ್ವಾ? ಕೊಟ್ಟರೂ ಸೀಸನ್ ಬಂದಾಗ ಖಾಲಿ ಮಾಡಿ ಅನ್ನುವುದುಂಟು. ಅಮೆರಿಕದ ಕೊಲರಾಡೋದಲ್ಲಿ ಆಸ್ಪೆನ್ ಅಂತ ಊರಿದೆ. ಅಲ್ಲಿನ ಹೋಟೆಲು, ಅಂಗಡಿ, ಶಾಲೆಗಳಲ್ಲಿ ಕೆಲಸ ಮಾಡುವ ಬಹಳ ಜನರಿಗೆ ಅಲ್ಲಿ ಮನೆ ಮಾಡಲು ಸಾಧ್ಯವೇ ಇಲ್ಲ. ಸುಮಾರು 65 ಕಿಲೋಮೀಟರ್ ಕೆಳಗಿನ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಿಂದ, ಅದಕ್ಕೂ ಆಚೆಯಿಂದ ದಿನಾ ಓಡಾಡುತ್ತಾರೆ. ಊರಿನಲ್ಲಿ ದುಡಿಯುವವರೇ ಊರಿನಲ್ಲಿ ಇರಲು ಆಗುತ್ತಿಲ್ಲ ಅಂದರೆ ಹೊರಗಿನಿಂದ ಹೋಗುವ ನಿಮಗೂ ಅದು ಅಗ್ಗವಾಗುವುದಿಲ್ಲ. ಯಾವುದೇ ಊರಿಗೆ ಹೋದಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಇಲ್ಲಿನ ಮೇಷ್ಟ್ರು, ನರ್ಸು, ಬಸ್ ಡ್ರೈವರ್ ಎಲ್ಲಿ ಮನೆ ಮಾಡಿದ್ದಾರೆ? ಅವರು ಊರೊಳಗೇ ಇದ್ದರೆ ಆ ಊರು ಕೈಗೆಟುಕುತ್ತದೆ. ಅವರೆಲ್ಲ ಸಂಜೆ ಬಸ್ ಹತ್ತಿ ಇನ್ನೊಂದು ಊರಿಗೆ ಹೋಗುತ್ತಿದ್ದರೆ ನೀವೂ ಆ ಬಸ್ ಹತ್ತಿ ಹೋಗಿ ಆ ಊರನ್ನು ನೋಡಿಬನ್ನಿ.

ಪಕ್ಕದ ಊರಿನ ಲಾಭ ಸ್ಪಷ್ಟ. ಅದೇ ಬೆಟ್ಟ, ಅದೇ ಹವೆ, ಬೆಲೆ ಕಡಿಮೆ. ಆದರೆ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ದೊಡ್ಡ ಊರಿನಲ್ಲಿ ಜಾಗ ಮುಗಿದಂತೆ ಪಕ್ಕದ ಊರಿಗೂ ಅದೇ ಗಾಳಿ ಬೀಸುತ್ತದೆ. ಕೆನಡಾದ ವಿಸ್ಲರ್ ದುಬಾರಿಯಾದ ಮೇಲೆ ಸುಮಾರು 30 ಕಿಲೋಮೀಟರ್ ಆಚೆಯ ಪೆಂಬರ್ಟನ್‌ನಲ್ಲೂ ಮನೆಗಳ ಬೆಲೆ ಏರಿತು. ಪಕ್ಕದ ಊರು ಆರಿಸುವುದಾದರೆ ಪ್ರವಾಸಿಗಳು ಹಾದುಹೋಗುವ ದಿಕ್ಕಿನದ್ದನ್ನು ಬಿಟ್ಟು, ಅದರ ಎದುರು ದಿಕ್ಕಿನದ್ದನ್ನು ನೋಡಿ.

ನನ್ನ ಆಯ್ಕೆ ಮೂರನೆಯದು, ಪೇಟೆ. ನೋಡಲು ಅಷ್ಟೇನೂ ಚಂದ ಇರುವುದಿಲ್ಲ. ಬಸ್ ಸ್ಟ್ಯಾಂಡಿನ ಗದ್ದಲ ಇರುತ್ತದೆ, ತಗಡಿನ ಮಾಡುಗಳೇ ಕಾಣುತ್ತವೆ. ಆದರೆ ವರ್ಷದ ಹನ್ನೆರಡು ತಿಂಗಳೂ ಔಷಧಿ ಅಂಗಡಿ ತೆರೆದಿರುತ್ತದೆ. ಪ್ಲಂಬರ್ ಸಿಗುತ್ತಾನೆ. ಬೋರು ಕೆಟ್ಟರೆ, ಹಲ್ಲು ನೋವು ಬಂದರೆ, ಚಪ್ಪಲಿ ಕಿತ್ತುಹೋದರೆ ಗುಡ್ಡ ಇಳಿಯಬೇಕಾಗಿಲ್ಲ. ಸೀಸನ್ ಮುಗಿದ ಮೇಲೆ ಪ್ರವಾಸಿ ಊರಿನಲ್ಲಿ ಅರ್ಧ ಅಂಗಡಿಗಳಿಗೆ ಬೀಗ ಬಿದ್ದಿರುತ್ತದೆ, ಸಂಜೆ ಆರಕ್ಕೆ ಬೀದಿ ಬಿಕೋ ಅನ್ನುತ್ತದೆ. ಒಬ್ಬರೇ ಇರುವವರಿಗೆ ಆ ಒಂಟಿತನ ಸಣ್ಣ ಸಂಗತಿಯಲ್ಲ.

ಬಿಸಿಲು ಎಷ್ಟು ಗಂಟೆ?

ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಾನು ನೋಡಿದ ಎರಡು ಮನೆಗಳು ಒಂದೇ ಊರಿನಲ್ಲಿ, ಒಂದೇ ಹಳ್ಳದ ಎರಡು ದಡದಲ್ಲಿದ್ದವು. ಈಚೆಯದ್ದರ ಬಾಡಿಗೆ ಕಡಿಮೆ, ಕೋಣೆಗಳೂ ದೊಡ್ಡವು. ಸುಮ್ನೆ ಯಾಕೆ ಜಾಸ್ತಿ ಕೊಡಬೇಕು ಅಂತ ಅದನ್ನೇ ಹಿಡಿದೆ. ಮನೆ ನೋಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಅಂಗಳದ ತುಂಬ ಬಿಸಿಲಿತ್ತು. ಚಳಿಗಾಲ ಬಂದ ಮೇಲೆ ಗೊತ್ತಾಯಿತು, ಆ ಅಂಗಳಕ್ಕೆ ಬಿಸಿಲು ಬರುವುದು ಹನ್ನೊಂದಕ್ಕೆ, ಹೋಗುವುದು ಎರಡಕ್ಕೆ. ಒಗೆದ ಬಟ್ಟೆ ಮೂರನೇ ದಿನಕ್ಕೂ ತೇವ. ಬೀರುವನ್ನು ಗೋಡೆಯಿಂದ ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪಗೆ ಬೂಷ್ಟು. ಚರ್ಮದ ಬೆಲ್ಟಿನ ಮೇಲೆ ಬಿಳಿ ಪುಡಿ ಹಚ್ಚಿದ ಹಾಗೆ ಕೂತಿತ್ತು. ಹೀಟರ್ ದಿನವಿಡೀ ಉರಿಸಿದ ಕರೆಂಟ್ ಬಿಲ್ಲನ್ನು ಬಾಡಿಗೆಗೆ ಕೂಡಿಸಿದರೆ ಎದುರು ದಡದ ಮನೆಯೇ ಅಗ್ಗವಾಗುತ್ತಿತ್ತು. ಅಲ್ಲಿ ಸಂಜೆ ನಾಲ್ಕೂವರೆಯವರೆಗೆ ಜಗಲಿ ಮೇಲೆ ಬಿಸಿಲು ಕಾಯಿಸುತ್ತಾ ಕೂತವರನ್ನು ನಾನು ದಿನಾ ನೋಡುತ್ತಿದ್ದೆ. ಮುಂದಿನ ವರ್ಷ ನಾನೂ ಆ ದಡಕ್ಕೆ ಹೋದೆ.

ಬೆಟ್ಟದವರಿಗೆ ಇದು ಹಳೆಯ ಜ್ಞಾನ. ಆಲ್ಪ್ಸ್ ಪರ್ವತದ ಫ್ರೆಂಚ್ ಜನ ಬಿಸಿಲಿನ ಇಳಿಜಾರಿಗೆ ಆಡ್ರೆ, ನೆರಳಿನ ಇಳಿಜಾರಿಗೆ ಉಬಾಕ್ ಅಂತ ಬೇರೆಬೇರೆ ಹೆಸರಿಟ್ಟಿದ್ದಾರೆ. ಊರು, ಹೊಲ ಹೆಚ್ಚಾಗಿ ಆಡ್ರೆ ಕಡೆ, ಕಾಡು ಉಬಾಕ್ ಕಡೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೋದಷ್ಟೂ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದ ಬಿಸಿಲು ಚೆನ್ನಾಗಿ ಸಿಗುತ್ತದೆ. ದಕ್ಷಿಣಾರ್ಧ ಗೋಳದಲ್ಲಿ ಇದು ತಿರುಗುಮುರುಗು. ಆಳ ಕಣಿವೆಯಲ್ಲಿ ಸಮಸ್ಯೆ ಎಷ್ಟು ಹೋಗಬಹುದು ಅನ್ನುವುದಕ್ಕೆ ನಾರ್ವೆಯ ರ್‍ಯೂಕಾನ್ ಇದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಆ ಊರಿಗೆ ನೇರ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಗುಡ್ಡದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ, ಅಲ್ಲಿಂದ ಊರ ನಡುವಿನ ಚೌಕಕ್ಕೆ ಬಿಸಿಲು ಬೀಳುವ ಹಾಗೆ ಮಾಡಿಕೊಂಡರು. ಇಟಲಿಯ ವಿಗಾನೆಲ್ಲಾ ಅನ್ನುವ ಹಳ್ಳಿ 2006ರಲ್ಲೇ ಈ ಕೆಲಸ ಮಾಡಿತ್ತು.

ಕಣಿವೆಯ ತಳ, ಇಳಿಜಾರಿನ ನಡು, ದಿಬ್ಬದ ನೆತ್ತಿ, ಈ ಮೂರರಲ್ಲಿ ನಡುವಿನದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ತಳದಲ್ಲಿ ನಿಲ್ಲುತ್ತದೆ. ಅದರ ಜೊತೆ ಒಲೆ ಹೊಗೆ, ವಾಹನದ ಹೊಗೆಯೂ ಅಲ್ಲೇ ಸಿಕ್ಕಿಬೀಳುತ್ತದೆ. ಕಠ್ಮಂಡು ಕಣಿವೆಯ ಚಳಿಗಾಲದ ಗಾಳಿ ಅಷ್ಟು ಕೆಡಲು ಇದೂ ಒಂದು ಕಾರಣ. ನೆತ್ತಿಯ ಮೇಲೆ ನೋಟ ಚೆನ್ನ, ಆದರೆ ಗಾಳಿ ಹೊಡೆತ, ಸಿಡಿಲು, ನೀರು ಮೇಲಕ್ಕೆ ಎತ್ತುವ ಖರ್ಚು ಎಲ್ಲ ಸೇರುತ್ತದೆ. ತಳದಲ್ಲಿ ಸಮತಟ್ಟು ಜಾಗ ಇರುತ್ತದೆ, ಓಡಾಟ ಸಲೀಸು ಅನ್ನುವುದು ನಿಜ. ಮೊಣಕಾಲು ನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಅದೇ ದೊಡ್ಡ ವಿಷಯ.

ಎತ್ತರ

ಸರಾಸರಿ ಲೆಕ್ಕದಲ್ಲಿ 1,000 ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪು. ಬಯಲಲ್ಲಿ 35 ಡಿಗ್ರಿ ಇದ್ದರೆ 1,500 ಮೀಟರ್ ಮೇಲೆ 25ರ ಆಸುಪಾಸು. ಹಾಗಂತ ಎತ್ತರದ ಅಂಕಿಯನ್ನು ಮಾತ್ರ ನೋಡಿ ಎರಡು ದೇಶದ ಊರುಗಳನ್ನು ಹೋಲಿಸಬೇಡಿ. ಭೂಮಧ್ಯರೇಖೆಗೆ ಹತ್ತಿರದ ಎಕ್ವಡೋರ್‌ನ ಕ್ವೆಂಕಾ ಸುಮಾರು 2,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ವರ್ಷವಿಡೀ ಹಿತವಾದ ತಂಪು. ಸ್ವಿಟ್ಜರ್ಲೆಂಡಿನ ದಾವೋಸ್ ಇರುವುದು ಸುಮಾರು 1,560 ಮೀಟರ್‌ನಲ್ಲಿ, ಅಲ್ಲಿ ಚಳಿಗಾಲವೆಲ್ಲ ಹಿಮ.

2,500 ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಎತ್ತರದಿಂದ ಬರುವ ತಲೆನೋವು, ವಾಕರಿಕೆ, ನಿದ್ದೆಗೇಡು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಹೃದಯದ, ಶ್ವಾಸಕೋಶದ ತೊಂದರೆ ಇರುವವರು ಮನೆ ನೋಡುವ ಮೊದಲು ಡಾಕ್ಟರನ್ನು ನೋಡಿ. 2,000 ಮೀಟರ್‌ನಲ್ಲಿ ನೀರು ಕುದಿಯುವುದು ಸುಮಾರು 93 ಡಿಗ್ರಿಗೆ, ಬೇಳೆಕಾಳು ಬೇಯಲು ಹೊತ್ತು ಹಿಡಿಯುತ್ತದೆ, ಉರುವಲೂ ಜಾಸ್ತಿ ಬೇಕು. ಬಿಸಿ ದೇಶಗಳಲ್ಲಿ 1,000ದಿಂದ 1,800 ಮೀಟರ್ ನಡುವಿನ ಊರು ಚಳಿಗಾಲದ ಖರ್ಚಿಗೂ ಬೇಸಿಗೆಯ ತಂಪಿಗೂ ಸರಿಹೊಂದುತ್ತದೆ. ಚಳಿ ದೇಶಗಳಲ್ಲಿ ನಾನಾದರೆ ಇನ್ನೂ ಕೆಳಗೇ ನೋಡುತ್ತೇನೆ, ಮನೆ ಬಿಸಿ ಮಾಡುವ ಖರ್ಚು ಅಲ್ಲಿ ಬಾಡಿಗೆಯ ಜೊತೆ ಪೈಪೋಟಿಗೆ ಬೀಳುತ್ತದೆ.

ಮಳೆ ಇದೆ ಅಂದರೆ ನೀರಿದೆ ಅಂತಲ್ಲ

ಒಂದೇ ಬೆಟ್ಟಸಾಲಿನ ಎರಡು ಊರುಗಳಲ್ಲಿ ಮಳೆ ಅಜಗಜಾಂತರ ಇರಬಹುದು. ತೇವದ ಗಾಳಿ ಮೊದಲು ಬಡಿಯುವ ಮಗ್ಗುಲಿಗೆ ಮಳೆ ಸುರಿಯುತ್ತದೆ, ಆಚೆ ಮಗ್ಗುಲಿಗೆ ಉಳಿದದ್ದು. ಮೇಘಾಲಯದ ಚಿರಾಪುಂಜಿಯಲ್ಲಿ ವರ್ಷಕ್ಕೆ ಸರಾಸರಿ 11,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಶಿಲ್ಲಾಂಗ್‌ಗೆ ಅದರ ಐದನೇ ಒಂದರ ಆಸುಪಾಸು. ಒಂದು ಊರು ಇಷ್ಟವಾಗಿ ಅದರ ಮಳೆಗಾಲ ಹೆದರಿಸಿದರೆ, ಗುಡ್ಡದ ಬೆನ್ನ ಹಿಂದಿನ ಊರನ್ನೂ ಒಮ್ಮೆ ನೋಡಿ.

ಅದೇ ಚಿರಾಪುಂಜಿಯಲ್ಲಿ ಚಳಿಗಾಲದಲ್ಲಿ ಕುಡಿಯುವ ನೀರಿಗೆ ತತ್ವಾರ. ಮಣ್ಣಿನ ಪದರ ತೆಳು, ಇಳಿಜಾರು ಕಡಿದು, ಬಿದ್ದ ಮಳೆ ನಿಲ್ಲದೆ ಬಯಲಿಗೆ ಓಡಿಬಿಡುತ್ತದೆ. ಅಂದರೆ ಮಳೆಯ ಅಂಕಿಗಿಂತ ನೀರನ್ನು ಹಿಡಿದಿಡುವ ನೆಲ, ಕಾಡು, ಕೆರೆ ಇದೆಯಾ ಅನ್ನುವುದು ಮುಖ್ಯ. ಪ್ರವಾಸಿ ಊರಾದರೆ ಸಮಸ್ಯೆ ದುಪ್ಪಟ್ಟು, ಯಾಕೆಂದರೆ ನೀರು ಕಡಿಮೆಯಾಗುವ ಬೇಸಿಗೆಯಲ್ಲೇ ಜನ ಬರುತ್ತಾರೆ. 2018ರ ಬೇಸಿಗೆಯಲ್ಲಿ ಶಿಮ್ಲಾದ ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ನೀರು ಬರಲಿಲ್ಲ. ಜನ ಬಕೆಟ್ ಹಿಡಿದು ಟ್ಯಾಂಕರಿಗೆ ಸಾಲು ನಿಂತಿದ್ದರು.

ಊರಿನ ನೀರಿನ ಕಥೆ ತಿಳಿಯಬೇಕಾದರೆ ಮೇಲಿನ ರಸ್ತೆಗೆ ಹೋಗಿ ಕೆಳಗಿನ ಮನೆಗಳ ತಾರಸಿ ನೋಡಿ. ಮನೆಗೊಂದು ಟ್ಯಾಂಕ್ ಇದ್ದರೆ ನೀರು ದಿನಾ ಬರುತ್ತಿರಬಹುದು. ಒಂದೇ ಮನೆಯ ಮೇಲೆ ನಾಲ್ಕೈದು ಟ್ಯಾಂಕ್ ಸಾಲಾಗಿ ಕೂತಿದ್ದರೆ ವಾರಕ್ಕೊಮ್ಮೆ ಬರುತ್ತದೆ ಅಂತಲೇ ಲೆಕ್ಕ. ಮಾಲೀಕರು ಏನಾದರೂ ಹೇಳಲಿ, ಪಕ್ಕದ ಮನೆಯವರನ್ನು ಕೇಳಿ. ಒರತೆ ನೀರಾದರೆ ಅದು ಯಾವ ತಿಂಗಳು ಬತ್ತುತ್ತದೆ ಅಂತ ಕೇಳಿ. ಬತ್ತುತ್ತದಾ ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ.

ಕಾಲಡಿಯ ನೆಲ

ಬೆಟ್ಟದಲ್ಲಿ ಅಗ್ಗದ ಸೈಟು ಸಿಕ್ಕಿತು ಅಂದರೆ ನಾನು ಮೊದಲು ಖುಷಿಪಡುವುದಿಲ್ಲ, ಯಾಕೆ ಅಗ್ಗ ಅಂತ ಹುಡುಕುತ್ತೇನೆ. ಉತ್ತರಾಖಂಡದ ಜೋಶಿಮಠ ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲೆ ಕೂತ ಊರು. ಅಲ್ಲಿ ಭಾರಿ ಕಟ್ಟಡಗಳು ಬೇಡ ಅಂತ 1976ರಲ್ಲೇ ಒಂದು ಸಮಿತಿ ಹೇಳಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳ ಗೋಡೆ, ನೆಲ ಬಿರುಕುಬಿಟ್ಟು ಜನ ಮನೆ ಬಿಟ್ಟು ಹೋಗಬೇಕಾಯಿತು. ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆಗಳು ಅವು.

ಪರಿಣತರಲ್ಲದ ನಾವೂ ಕೆಲವು ಗುರುತು ಹಿಡಿಯಬಹುದು. ಇಳಿಜಾರಿನ ಮರಗಳ ಬುಡ ನೋಡಿ. ಬುಡದಲ್ಲಿ ಮೊಣಕೈ ಮಡಚಿದಂತೆ ಬಾಗಿ ಆಮೇಲೆ ನೆಟ್ಟಗೆ ಎದ್ದಿರುವ ಮರಗಳು ಸಾಲಾಗಿ ಇದ್ದರೆ ಆ ಮಣ್ಣು ವರ್ಷವರ್ಷವೂ ಸ್ವಲ್ಪಸ್ವಲ್ಪ ಜಾರುತ್ತಿರಬಹುದು. ಹಿಮ ಬೀಳುವ ಕಡೆ ಹಿಮದ ಭಾರಕ್ಕೂ ಮರ ಹಾಗೆ ಬಾಗುತ್ತದೆ, ಅಲ್ಲಿ ವಿದ್ಯುತ್ ಕಂಬ, ಬೇಲಿ ಕಂಬ ವಾಲಿವೆಯಾ ನೋಡಿ. ತಡೆಗೋಡೆ ಹೊಟ್ಟೆ ಉಬ್ಬಿದ ಹಾಗೆ ಮುಂದೆ ಬಂದಿದೆಯಾ, ಅದರಲ್ಲಿ ನೀರು ಹೊರಬರಲು ಬಿಟ್ಟ ತೂತುಗಳು ಮಣ್ಣು ತುಂಬಿ ಮುಚ್ಚಿವೆಯಾ, ಬಾಗಿಲು ಕಿಟಕಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆಯಾ, ಬಿರುಕಿಗೆ ಹೊಸದಾಗಿ ಸಿಮೆಂಟ್ ಮೆತ್ತಿದ್ದಾರಾ, ಇಷ್ಟು ನೋಡಲು ಹತ್ತು ನಿಮಿಷ ಸಾಕು. ಮನೆಯ ಹಿಂದೆ ನೆಟ್ಟಗೆ ಕಡಿದ ಧರೆ ಇದ್ದರೆ, ಮಳೆಗಾಲದಲ್ಲಿ ಅದು ಕುಸಿದ ಇತಿಹಾಸ ಇದೆಯಾ ಅಂತ ಊರವರನ್ನು ಕೇಳಿ.

ಹಳ್ಳ ಬಂದು ಕಣಿವೆ ಸೇರುವ ಬಾಯಲ್ಲಿ ಬೀಸಣಿಗೆಯಂತೆ ಹರಡಿದ ಜಾಗವೂ ಅಪಾಯವೇ. ನೋಡಲು ಸಮತಟ್ಟು, ಮನೆ ಕಟ್ಟಲು ಹೇಳಿಮಾಡಿಸಿದಂತೆ. ಅಂಥ ಗದ್ದೆಯ ನಡುವೆ ಆನೆ ಗಾತ್ರದ ಬಂಡೆ ಬಿದ್ದಿದ್ದರೆ ಅದನ್ನು ತಂದದ್ದು ಆ ಹಳ್ಳವೇ ಇರಬಹುದು, ಮತ್ತೊಮ್ಮೆ ತರಲೂಬಹುದು. ಮಳೆ ಕಡಿಮೆ ಇರುವ ಊರಿಗೂ ಇದು ತಪ್ಪಿದ್ದಲ್ಲ. ಲೇಹ್ ಮರುಭೂಮಿಯಂಥ ಜಾಗ, ಆದರೂ 2010ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮೇಘಸ್ಫೋಟಕ್ಕೆ ಅಲ್ಲೂ ಪಕ್ಕದ ಚೋಗ್ಲಮ್ಸರ್‌ನಲ್ಲೂ ಕೆಸರುಕಲ್ಲಿನ ಪ್ರವಾಹ ಮನೆಗಳನ್ನೇ ಎಳೆದುಕೊಂಡು ಹೋಯಿತು.

ರಸ್ತೆ, ಆಸ್ಪತ್ರೆ, ಮೆಟ್ಟಿಲು

ಊರಿಗೆ ಎರಡು ದಿಕ್ಕಿನಿಂದ ರಸ್ತೆ ಇದೆಯಾ, ಒಂದೇ ಇದೆಯಾ? ಒಂದೇ ರಸ್ತೆಯ ಊರಿನಲ್ಲಿ ಧರೆ ಕುಸಿದ ದಿನ ಹಾಲು, ತರಕಾರಿ, ಗ್ಯಾಸ್ ಎಲ್ಲ ನಿಲ್ಲುತ್ತದೆ, ಸಿಕ್ಕಿದ್ದರ ಬೆಲೆಯೂ ಏರುತ್ತದೆ. ಬೇರೆಲ್ಲ ಸಮ ಇದ್ದರೆ ಎರಡು ರಸ್ತೆಯ ಊರನ್ನೇ ಆರಿಸಿ.

ಆಸ್ಪತ್ರೆಯನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ. ಕೆಟ್ಟ ತಿಂಗಳ ರಾತ್ರಿ ಎರಡು ಗಂಟೆಗೆ ಹೊರಟರೆ ಎಷ್ಟು ಹೊತ್ತಿನಲ್ಲಿ ತಲುಪಬಹುದು ಅಂತ ಲೆಕ್ಕ ಹಾಕಿ. ಪಾರ್ಶ್ವವಾಯು ಬಡಿದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಹಗಲಿನಲ್ಲಿ ಎರಡು ಗಂಟೆಯ ದಾರಿ ಮಂಜು ಮುಸುಕಿದ ರಾತ್ರಿಯಲ್ಲಿ ನಾಲ್ಕು ಗಂಟೆಯಾದರೆ ಆ ಅವಕಾಶ ಕೈತಪ್ಪುತ್ತದೆ. ವಯಸ್ಸಾದವರಿರುವ ಮನೆಗೆ ನಾನು ಹಾಕುವ ಗೆರೆ ಒಂದೂವರೆ ಗಂಟೆ. ಅದಕ್ಕಿಂತ ದೂರದ ಊರು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ.

ರಸ್ತೆಯಿಂದ ಎಂಬತ್ತು ಮೆಟ್ಟಿಲು ಕೆಳಗಿರುವ ಮನೆ ಯಾವಾಗಲೂ ಅಗ್ಗ. ಆ ಎಂಬತ್ತು ಮೆಟ್ಟಿಲಿಗೆ ಫ್ರಿಜ್ಜು, ಮಂಚ, ಸಿಮೆಂಟ್ ಮೂಟೆ, ಗ್ಯಾಸ್ ಸಿಲಿಂಡರ್ ಪ್ರತಿಯೊಂದಕ್ಕೂ ಹೊರುವ ಕೂಲಿ ಬೇರೆ. ಕಾಯಿಲೆ ಬಿದ್ದವರನ್ನು ಕುರ್ಚಿ ಮೇಲೆ ಕೂರಿಸಿ ಹೊತ್ತು ತರಬೇಕಾಗುತ್ತದೆ. ಇಪ್ಪತ್ತೈದರ ವಯಸ್ಸಿನವರು ಧೈರ್ಯವಾಗಿ ಹಿಡಿಯಿರಿ, ಐವತ್ತು ದಾಟಿದವರು ಯೋಚಿಸಿ.

ನೆಟ್‌ವರ್ಕ್ ವಿಷಯ ಸರಳ. ಮನೆಯೊಳಗೆ ಕೂತು, ಮಳೆ ಬರುವಾಗ, ವಿಡಿಯೋ ಕಾಲ್ ಮಾಡಿ ನೋಡಿ. ಕರೆಂಟ್ ಹೋದಾಗ ಟವರ್ ಎಷ್ಟು ಹೊತ್ತು ಇರುತ್ತದೆ ಅಂತಲೂ ಕೇಳಿ.

ಪುಕ್ಕಟೆ ಮನೆ, ಅಗ್ಗದ ಫ್ಲಾಟು

ಇಟಲಿಯ ಹಲವು ಬೆಟ್ಟದೂರುಗಳು 1 ಯೂರೋಗೆ ಹಳೆಯ ಮನೆ ಕೊಡುತ್ತವೆ. ಕೇಳಲು ಚೆನ್ನ, ಆದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಅದನ್ನು ದುರಸ್ತಿ ಮಾಡಿಸಬೇಕು, ಅದಕ್ಕೆ ಠೇವಣಿ ಇಡಬೇಕು. ಖರ್ಚೆಲ್ಲ ದುರಸ್ತಿಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಆಲ್ಬಿನೆನ್ ಹಳ್ಳಿ 2017ರಲ್ಲಿ, ಬಂದು ನೆಲೆಸುವ ಪ್ರತಿ ವಯಸ್ಕರಿಗೆ 25,000 ಫ್ರಾಂಕ್ ಕೊಡುವುದಾಗಿ ತೀರ್ಮಾನಿಸಿತು. ಷರತ್ತು ಏನು ಗೊತ್ತಾ? ವಯಸ್ಸು 45ಕ್ಕಿಂತ ಕಡಿಮೆ ಇರಬೇಕು, ಕನಿಷ್ಠ 2,00,000 ಫ್ರಾಂಕ್ ಬೆಲೆಯ ಮನೆ ಕೊಳ್ಳಬೇಕು ಇಲ್ಲವೇ ಕಟ್ಟಬೇಕು, 10 ವರ್ಷ ಅಲ್ಲೇ ಇರಬೇಕು. ನಿಜವಾಗಿಯೂ ಬೇರು ಬಿಡಲು ಹೊರಟ ಕುಟುಂಬಕ್ಕೆ ಅದು ಒಳ್ಳೆಯದೇ, ಸುಮ್ನೆ ನೋಡಿಬರೋಣ ಅನ್ನುವವರಿಗೆ ಅಲ್ಲ. ಬಲ್ಗೇರಿಯಾದ ಬಾನ್ಸ್ಕೋದಲ್ಲಿ ಸಣ್ಣ ಫ್ಲಾಟುಗಳು ಯುರೋಪಿನ ಲೆಕ್ಕದಲ್ಲಿ ಅಗ್ಗ, ಆದರೆ ಬಹಳಷ್ಟು ಕಟ್ಟಡಗಳಲ್ಲಿ ವರ್ಷವರ್ಷವೂ ನಿರ್ವಹಣೆ ಶುಲ್ಕ ಕಟ್ಟಬೇಕು. ಇಪ್ಪತ್ತು ವರ್ಷಕ್ಕೆ ಅದನ್ನು ಕೂಡಿಸಿ ನೋಡಿದ ಮೇಲೆ ಅಗ್ಗವೋ ದುಬಾರಿಯೋ ಹೇಳಿ.

ಕೊಳ್ಳುವ ಹಕ್ಕು ಇದೆಯಾ ಅನ್ನುವುದನ್ನು ಎಲ್ಲಕ್ಕಿಂತ ಮೊದಲೇ ನೋಡಬೇಕು. ಹಿಮಾಚಲ ಪ್ರದೇಶದಲ್ಲಿ ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ, 1972ರ ಕಾಯ್ದೆಯ 118ನೇ ಕಲಮು ಅದನ್ನು ತಡೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2012ರ ಜನಮತದ ನಂತರ ಒಂದು ಊರಿನ ಮನೆಗಳಲ್ಲಿ ಎರಡನೇ ಮನೆಗಳು, ಅಂದರೆ ರಜೆಗೆ ಮಾತ್ರ ಬಂದುಹೋಗುವವರ ಮನೆಗಳು, ನೂರಕ್ಕೆ 20ನ್ನು ದಾಟಿದ್ದರೆ ಅಂಥ ಹೊಸ ಮನೆಗೆ ಸಾಮಾನ್ಯವಾಗಿ ಅನುಮತಿ ಇಲ್ಲ. ಇವು ಊರವರನ್ನು ಕಾಪಾಡಲು ಬಂದ ನಿಯಮಗಳು. ಯಾರದೋ ಹೆಸರಿನಲ್ಲಿ ಕೊಂಡು ದಾಟಿಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹಣವೂ ಹೋಗುತ್ತದೆ, ಊರಿನಲ್ಲಿ ಮರ್ಯಾದೆಯೂ ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಆದಾಯ ಹೊರಗಿನಿಂದ ಬರುತ್ತಿದ್ದರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಪೇಟೆಯ ಬಿಸಿಲು ದಡದಲ್ಲಿ, ಇಳಿಜಾರಿನ ನಡುವೆ ಬಾಡಿಗೆ ಮನೆ. ವಯಸ್ಸಾದವರಿದ್ದರೆ ಅದೇ ಪೇಟೆಯ ಸಮತಟ್ಟು ಭಾಗ, ನೋಟದ ಆಸೆ ಸ್ವಲ್ಪ ಬಿಡಿ. ಅಲ್ಲೇ ಕೆಲಸ ಹುಡುಕಬೇಕಾದವರಿಗೆ ಪ್ರವಾಸಿ ಊರಿನ ಪಕ್ಕದ ಊರು ಸರಿ, ಆದರೆ ಸೀಸನ್ ಇಲ್ಲದ ತಿಂಗಳುಗಳಿಗೆ ಹಣ ಎತ್ತಿಟ್ಟುಕೊಳ್ಳಿ. ಒಂಟಿಯಾಗಿ ಬರೆಯುತ್ತಲೋ ಚಿತ್ರ ಬಿಡಿಸುತ್ತಲೋ ಇರುವವರು ಎಲ್ಲಾದರೂ ಇರಬಲ್ಲರು, ನೀರು ಮತ್ತು ಆಸ್ಪತ್ರೆ ಎರಡು ನೋಡಿಕೊಂಡರೆ ಸಾಕು.

ಯಾರೇ ಆಗಲಿ, ಮೊದಲ ವರ್ಷ ಕೊಳ್ಳಬೇಡಿ. ಎರಡು ಊರುಗಳ ಹೆಸರು ಬರೆದುಕೊಳ್ಳಿ, ಎರಡರಲ್ಲೂ ಅದರ ಕೆಟ್ಟ ತಿಂಗಳಲ್ಲಿ ಬಾಡಿಗೆಗೆ ಇದ್ದು ಬನ್ನಿ. ಪ್ರವಾಸಿಗಳಿಲ್ಲದ ಆ ದಿನಗಳಲ್ಲಿ ಖಾಲಿ ಬಿದ್ದ ಮನೆಗಳು ಬಹಳ ಇರುತ್ತವೆ, ಬಾಡಿಗೆ ಇಳಿಸಿ ಅಂತ ಕೇಳಿದರೆ ಮಾಲೀಕರು ಇಳಿಸುವುದೂ ಆಗಲೇ.